ಶುಕ್ರವಾರದ ಪಂಪು

ಕಿರ್ರ್… ಟಿಕ್. ಸುಮಾರು ನಿಮಿಷಕ್ಕೊಮ್ಮೆ. ನನ್ನ ಸೊಂಟಕ್ಕೆ ಕಟ್ಟಿದ ಕರಿ ಪೌಚಿನೊಳಗಿನಿಂದ ಬರುತ್ತಿದ್ದ ಆ ಸದ್ದು, ಹಲ್ಲಿ ಲೊಚಗುಟ್ಟುವ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಇರುತ್ತಿತ್ತು. ಈಗಲೂ ಫ್ರಿಜ್ಜು ಒಮ್ಮೆಲೇ ಸುಮ್ಮನಾದರೆ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ.

ಅದು ಕೆಮೋಥೆರಪಿಯ ಪಂಪು. ದೊಡ್ಡ ಕರುಳಿನ ಗಡ್ಡೆಯನ್ನು ಆಪರೇಶನ್ ಮಾಡಿ ತೆಗೆದ ಮೇಲೆ ಹುಬ್ಬಳ್ಳಿಯ ಡಾಕ್ಟರರು ಎದೆಯ ಚರ್ಮದ ಕೆಳಗೆ ರಕ್ತನಾಳಕ್ಕೆ ಔಷಧ ಬಿಡುವ ಒಂದು ಪೋರ್ಟ್ ಕೂಡಿಸಿದರು, ನಾಲ್ಕಾಣೆ ನಾಣ್ಯದಷ್ಟು ಗಾತ್ರದ್ದು. ಹದಿನೈದು ದಿನಕ್ಕೊಮ್ಮೆ ಬುಧವಾರ ಬಾಡಿಗೆ ಕಾರು ಮಾಡಿಕೊಂಡು ಹೋಗುವುದು, ಮಧ್ಯಾಹ್ನದ ತನಕ ಅಲ್ಲಿ ಸಲೈನ್ ಏರಿಸಿಕೊಳ್ಳುವುದು, ಹನ್ನೆರಡಕ್ಕೆ ಪೋರ್ಟಿಗೆ ಸೂಜಿ ಚುಚ್ಚಿ ಈ ಪಂಪು ಜೋಡಿಸಿ ಮನೆಗೆ ಕಳಿಸುವರು. ಅದು ನಲವತ್ತಾರು ತಾಸು ಔಷಧ ಹನಿಸಬೇಕು. ಅಂದರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ಬಿಚ್ಚಬೇಕು. ಮೊದಲ ಸಲ ಬಿಚ್ಚಿಸಲಿಕ್ಕೆಂದೇ ಮತ್ತೆ ಹುಬ್ಬಳ್ಳಿಗೆ ಹೋಗಿದ್ದೆ. ಹತ್ತು ನಿಮಿಷದ ಕೆಲಸಕ್ಕೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ತಾಸು ಕುಳಿತು, ಹಾದಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಲಕ್ಷ್ಮೇಶ್ವರದ ಮನೆಗೆ ಬಂದು ಹಾಸಿಗೆ ಹಿಡಿದೆ. ಆಗ ಆಸ್ಪತ್ರೆಯವರೇ ಅಂದರು, ಮನೆಯಲ್ಲಿ ಯಾರಾದರೂ ಕಲಿತರೆ ಅಲ್ಲೇ ಬಿಚ್ಚಬಹುದು, ಬೆಟಗೇರಿಯಿಂದ ನಮ್ಮ ಹೋಮ್ ನರ್ಸ್ ಎರಡು ಸಲ ಬಂದು ಹೇಳಿಕೊಡುತ್ತಾಳೆ, ಎಂದು.

ಮನೆಯಲ್ಲಿ ಯಾರು? ನನಗೆ ಮಕ್ಕಳಿಲ್ಲ. ನಮ್ಮವರು ತೀರಿಕೊಂಡು ಒಂಬತ್ತು ವರ್ಷ. ಉಳಿದವಳು ಒಬ್ಬಳೇ, ಅವರ ತಂಗಿ, ನನ್ನ ನಾದಿನಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ನನಗಿಂತ ನಾಲ್ಕು ವರ್ಷ ಸಣ್ಣವಳು. ಅವಳ ಮಡಿಯೆಂದರೆ ನಮ್ಮ ಓಣಿಗೆಲ್ಲ ಗೊತ್ತು. ಹಾಲು ಹಾಕುವವಳು ಅವಳನ್ನು ಕಂಡರೆ ಎರಡು ಮೆಟ್ಟಿಲು ಕೆಳಗಿಳಿದು ನಿಲ್ಲುತ್ತಿದ್ದಳು. ನನ್ನ ಸೀರೆಯ ಸೆರಗು ತಾಗಿದರೂ ಮತ್ತೊಂದು ಚೊಂಬು ನೀರು ಮೈಮೇಲೆ ಸುರುವಿಕೊಳ್ಳುವ ಹೆಣ್ಣುಮಗಳು. ನಾನು ಗದಗಿನಲ್ಲಿ ಕಾನ್ವೆಂಟ್ ಓದಿದವಳು, ನನ್‌ಗಳ ಕೈಯಿಂದ ಕೇಕ್ ತಿಂದವಳು. ಆ ಕೇಕನ್ನು ಅವಳು ಐವತ್ತು ವರ್ಷ ಮರೆತಿರಲಿಲ್ಲ.

ನಾನು ಮರೆಯದೆ ಇಟ್ಟುಕೊಂಡದ್ದು ಬೇರೆ.

ಮದುವೆಯಾಗಿ ಮೂರನೆಯ ವರ್ಷ, ಶ್ರಾವಣ ಮಾಸ. ನಾದಿನಿಯ ಮಂಗಳಗೌರಿ ವ್ರತದ ಉದ್ಯಾಪನೆ ತವರಿನಲ್ಲೇ ಆಗಬೇಕೆಂದು ಅತ್ತೆಯವರ ಆಸೆ. ಮಂಗಳವಾರ ಮುತ್ತೈದೆಯರು ಊಟಕ್ಕೆ ಬರುವವರಿದ್ದರು. ಅತ್ತೆಯವರಿಗೆ ಮೊಣಕಾಲು ನೋವು, ಆದ್ದರಿಂದ ಮಡಿಯಲ್ಲಿ ಅಡಿಗೆ ಮಾಡುವವಳು ನಾನು. ಸೋಮವಾರ ಮಧ್ಯಾಹ್ನ ನನ್ನ ತವರು ಗದಗಿನಿಂದ ಟೆಲಿಗ್ರಾಂ ಬಂತು. ಬಾಗಿಲಲ್ಲಿ ಇದ್ದವಳು ನಾದಿನಿ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಆಗಿನ ಕಾಲದಲ್ಲಿ ಟೆಲಿಗ್ರಾಂ ಎಂದರೆ ಸಾವು ಎಂದು ಓದು ಬಾರದವರಿಗೂ ಗೊತ್ತಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಮಗಳಿಗೆ ಸೂತಕ. ಸೂತಕವಾದರೆ ನಾನು ಒಲೆ ಮುಟ್ಟುವಂತಿಲ್ಲ, ಉದ್ಯಾಪನೆ ನಿಲ್ಲುತ್ತದೆ. ಕಿವಿಗೆ ಬೀಳದಿದ್ದರೆ ಸೂತಕವೇ ಇಲ್ಲ. ಇದು ಅವಳು ಹುಟ್ಟಿಸಿದ ನ್ಯಾಯವಲ್ಲ, ನಮ್ಮ ಜನ ಹೀಗೆ ಎಷ್ಟೋ ಸುದ್ದಿಗಳನ್ನು ಮದುವೆ ಮುಗಿಯುವ ತನಕ, ಮುಂಜಿ ಮುಗಿಯುವ ತನಕ ತಡೆದಿಟ್ಟಿದ್ದಾರೆ. ಅವಳು ಅದನ್ನು ಯಾರಿಂದಲೂ ಓದಿಸದೆ ಹಾಸಿಗೆ ಸುರುಳಿಯೊಳಗೆ ಸಿಕ್ಕಿಸಿದಳು. ಮಂಗಳವಾರ ನಾನು ಹೋಳಿಗೆ ಮಾಡಿದೆ. ಛಲೋ ಆಗ್ಯಾವು ಎಂದು ಎಲ್ಲರೂ ಅಂದರು.

ಬುಧವಾರ ಮುಂಜಾನೆ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಒಡೆದು ಓದಿದೆ. ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ. ಸತ್ತಳೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಪೋಸ್ಟಿನ ಮುದ್ರೆಯ ಮೇಲೆ ಸೋಮವಾರದ ತಾರೀಖು ಸ್ಪಷ್ಟ ಕಾಣುತ್ತಿತ್ತು. ನಾನು ಗದಗ ಮುಟ್ಟುವಷ್ಟರಲ್ಲಿ ಅವ್ವನ ಬೂದಿಯೂ ಆರಿತ್ತು. ಮಂಗಳವಾರ ಸಂಜೆಯ ತನಕ ಜೀವವಿತ್ತು ಎಂದು ಅಣ್ಣ ಹೇಳಿದ.

ಅತ್ತೆಯವರು ಒಮ್ಮೆ ಅಂದರು, "ಹುಡುಗಿ ಗಾಬರ್ಯಾಗಿ ಇಟ್ಟಾಳವಾ, ಹೊಟ್ಟ್ಯಾಗ ಹಾಕ್ಕೋ." ನಾನು ಹಾಕಿಕೊಳ್ಳಲಿಲ್ಲ. ನಾದಿನಿ ಮಾತ್ರ ಆ ಬಗ್ಗೆ ಒಂದು ಅಕ್ಷರ ಆಡಲಿಲ್ಲ, ಅಂದೂ, ಮುಂದೆಂದೂ. ನನಗೆ ಬೇಕಾಗಿದ್ದು ಬಹಳ ಏನಲ್ಲ. ತಪ್ಪಾತು ವೈನಿ ಎಂಬ ಒಂದು ಮಾತು, ಅವಳ ಬಾಯಿಂದ, ಇಬ್ಬರಲ್ಲಿ ಒಬ್ಬರು ಹೋಗುವುದರೊಳಗೆ. ಗಂಡನ ಆಯುಷ್ಯಕ್ಕೆಂದು ಮಾಡಿದ ವ್ರತ, ಎರಡು ವರ್ಷದಲ್ಲಿ ಆತನೇ ತೀರಿಕೊಂಡ. ಅವಳು ಟ್ರಂಕು ಹೊತ್ತು ನಮ್ಮ ಅಂಗಳಕ್ಕೆ ಬಂದಾಗ ಆ ಉದ್ಯಾಪನೆ ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ಸ್ವಲ್ಪ ಸಮಾಧಾನವೂ ಆಯಿತು. ಕಾನ್ವೆಂಟಿನಲ್ಲಿ ನಮ್ಮ ಮದರ್ ಸುಪೀರಿಯರ್ ರಾತ್ರಿ ಮಲಗುವ ಮುನ್ನ ಕಾನ್‌ಶನ್ಸ್ ಎಕ್ಸಾಮಿನ್ ಮಾಡಿಕೊಳ್ಳಿ, ಮನಸ್ಸಾಕ್ಷಿಯನ್ನು ಪರೀಕ್ಷಿಸಿಕೊಳ್ಳಿ ಎನ್ನುತ್ತಿದ್ದರು. ನಾನು ಮಾಡಿಕೊಂಡೆ. ಅಲ್ಲಿ ಪಶ್ಚಾತ್ತಾಪ ಕಾಣಲಿಲ್ಲ, ಮಲಗಿದೆ.

ಆದ್ದರಿಂದ ಬೆಟಗೇರಿಯ ನರ್ಸು ಬಂದು, "ಮನ್ಯಾಗ ಯಾರು ಕಲೀತೀರಿ?" ಎಂದಾಗ ನಾನು ನಾದಿನಿಯ ಕಡೆ ಬೊಟ್ಟು ಮಾಡಿದೆ.

ಅವಳು ಅಡಿಗೆಮನೆಯ ಹೊಸ್ತಿಲ ಒಳಗೇ ನಿಂತಿದ್ದಳು. "ನನಗ ಇದೆಲ್ಲ ಬರೂದಿಲ್ಲರಿ ಸಿಸ್ಟರ್."

"ಯಾಕ ಬರೂದಿಲ್ಲ?" ಎಂದೆ ನಾನು. "ಟೆಲಿಗ್ರಾಂ ಓದೂ ಕೆಲಸ ಅಲ್ಲ ಅದು."

ಐವತ್ತು ವರ್ಷದ ಮೇಲೆ ಆ ಶಬ್ದ ನಮ್ಮ ಮನೆಯಲ್ಲಿ ಮತ್ತೆ ಕೇಳಿಸಿತು. ನರ್ಸಿಗೆ ಏನೂ ತಿಳಿಯಲಿಲ್ಲ, ನಕ್ಕಳು. ನಾದಿನಿ ನಗಲಿಲ್ಲ. "ತೋರಸ್ರಿ" ಎಂದು ಹೊಸ್ತಿಲು ದಾಟಿ ಬಂದಳು.

ನನ್ನ ಲೆಕ್ಕಾಚಾರ ಸರಳವಿತ್ತು. ಅದು ವಿಷದಂಥ ಔಷಧ. ಗೌನು ತೊಡಬೇಕು, ಎರಡೆರಡು ಗ್ಲೌಸ್ ಹಾಕಬೇಕು, ನಳಿಗೆ ಬಿಚ್ಚಬೇಕು, ನನ್ನ ಎದೆ ಮುಟ್ಟಬೇಕು, ರಕ್ತ ಹತ್ತಿದ ಗಾಜ್ ಬಟ್ಟೆ ಎತ್ತಬೇಕು, ಎಲ್ಲವನ್ನೂ ಹಳದಿ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ನನ್ನ ಸೆರಗಿಗೆ ಹೇಸುವವಳು ಇದನ್ನೆಲ್ಲ ಮಾಡಲಿ. ಇನ್ನೂ ಒಂದು ಇತ್ತು. ಆಸ್ಪತ್ರೆಯ ಡೇ ಕೇರಿನವರು ಮುಂದಿನ ಸಲದಿಂದ ಸೋಮವಾರ ಬರತೀರೋ ಬುಧವಾರವೋ ಎಂದು ಕೇಳಿದ್ದರು. ಸೋಮವಾರ ನನಗೆ ಅನುಕೂಲವಿತ್ತು, ಕಾರಿನವನೂ ಸುಲಭವಾಗಿ ಸಿಗುತ್ತಿದ್ದ. ನಾನು ಬುಧವಾರವೇ ಬೇಕೆಂದೆ. ಶುಕ್ರವಾರ ಹತ್ತು ಗಂಟೆಯೆಂದರೆ ನಾದಿನಿಯ ಲಕ್ಷ್ಮೀಪೂಜೆಯ ನಟ್ಟನಡುವಿನ ಹೊತ್ತು.

ಆದರೆ ಆದದ್ದು ಬೇರೆ. ನರ್ಸು ಕೈ ತೊಳೆಯುವುದನ್ನು ತೋರಿಸಿ, "ಇನ್ನ ಏನೂ ಮುಟ್ಟಬಾರದು ನೋಡ್ರಿ ಅಮ್ಮಾರ, ಮೂಗು ತುರಿಸಿದ್ರೂ ಮೂಗು ಮುಟ್ಟಂಗಿಲ್ಲ" ಎಂದಳು.

"ಗೊತ್ತೈತಿ," ಎಂದಳು ನಾದಿನಿ. "ಮಡೀಲೆ ಇದ್ದಾಗ ನಾವು ಹಂಗ ಇರತೇವಿ."

ಅಷ್ಟೇ. ಎರಡು ಕೈಯನ್ನೂ ಎದೆಯ ಮುಂದೆ ಎತ್ತಿ ಹಿಡಿದು, ಬಾಗಿಲನ್ನು ಮೊಣಕೈಯಿಂದ ತಳ್ಳಿ, ಹಾಸಿಗೆಯ ಅಂಚಿಗೂ ತಾಗದೆ ಬಂದು ನಿಂತಳು. ಹುಟ್ಟಿದಂದಿನಿಂದ ಅದನ್ನೇ ಮಾಡಿದವಳು. ಪಂಪು ನಿಲ್ಲಿಸಿದಳು, ಕ್ಲ್ಯಾಂಪ್ ಹಾಕಿದಳು, ನಳಿಗೆ ಬಿಚ್ಚಿದಳು, ಸಲೈನ್ ತುಂಬಿದ ಸಿರಿಂಜನ್ನು ಜೋಡಿಸಿ ನಿಧಾನ ಒತ್ತಿದಳು. ಬತ್ತಿ ಹೊಸೆದು ಹೊಸೆದು ನುಣುಪಾದ ಆ ಬೆರಳುಗಳು ಒಂದಿಷ್ಟೂ ನಡುಗಲಿಲ್ಲ. "ಉಸಿರು ಹಿಡೀರಿ ವೈನಿ" ಎಂದು ಸೂಜಿ ಎಳೆದಳು, ನನಗೆ ಗೊತ್ತಾಗಲೇ ಇಲ್ಲ.

ನರ್ಸು ಬೆರಗಾಗಿ, "ನಮ್ಮ ಟ್ರೇನಿಂಗ್ ಹುಡುಗ್ಯಾರಿಗಿಂತ ಇವರ ಛಲೋ ಮಾಡತಾರ ನೋಡ್ರಿ" ಎಂದಳು. ನಾದಿನಿಯ ಮುಖದಲ್ಲಿ ಸಣ್ಣ ಹೆಮ್ಮೆ ಮೂಡಿದ್ದನ್ನು ಕಂಡು ನನಗೆ ಔಷಧಕ್ಕಿಂತ ಹೆಚ್ಚು ಸಂಕಟವಾಯಿತು. ಪನಿಶ್‌ಮೆಂಟ್ ಕೊಡಲು ಹೋಗಿ ಅವಳಿಗೆ ಮೆಡಲ್ ತೊಡಿಸಿದಂತಾಗಿತ್ತು.

ಪೂಜೆಯೂ ಕೆಡಲಿಲ್ಲ. ಪಂಪಿನ ಶುಕ್ರವಾರಗಳಂದು ಅವಳು ನಾಲ್ಕರ ಬದಲು ಮೂರಕ್ಕೆ ಎದ್ದು, ಒಂಬತ್ತೂವರೆಗೆಲ್ಲ ಮಂಗಳಾರತಿ ಮುಗಿಸಿ, ಸೀರೆ ಬದಲಿಸಿ ನನ್ನ ಮಂಚದ ಹತ್ತಿರ ಬಂದು ನಿಲ್ಲುತ್ತಿದ್ದಳು. ಬಿಚ್ಚಿದ ಮೇಲೆ ಮತ್ತೆ ಸ್ನಾನ. ಒಮ್ಮೆ ಕೆಣಕಿದೆ, "ಲಕ್ಷ್ಮಿ ಏನಂತಾಳವಾ, ಅರಿಷಿಣ ಕುಂಕುಮದ ಕೈಯಾಗ ನನ್ನ ರಗತ ಹಿಡದಿದ್ದಕ್ಕ?"

"ಆಕಿಗೆ ಹೇಳೇನಿ," ಎಂದಳು ಸಿರಿಂಜಿನ ಗುಳ್ಳೆ ಬಿಡಿಸುತ್ತ. "ನೀವು ಮಾತಾಡಬ್ಯಾಡ್ರಿ, ಸೂಜಿ ಅಳ್ಳಾಡತೈತಿ."

ಹೀಗೆ ಐದು ಸಲ ಆಯಿತು. ಪ್ರತಿ ಸಲ ಅವಳ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಇರುತ್ತಿತ್ತು. ಈಗ ಆಡಿಯಾಳು, ಈಗ ಆಡಿಯಾಳು ಎಂದು ಕಾಯುತ್ತಿದ್ದೆ. ಸೂಜಿ ಎಳೆಯುವ ಮುನ್ನ ಅವಳು ಬಾಯಿ ತೆರೆದಾಗಲೆಲ್ಲ ಈ ಸಲ ಬಂತು ಎಂದುಕೊಳ್ಳುತ್ತಿದ್ದೆ. ಉಸಿರು ಹಿಡೀರಿ ಎನ್ನಲಿಕ್ಕೆ ತೆರೆದಿರುತ್ತಿದ್ದಳು.

ಆರನೆಯ ಶುಕ್ರವಾರ. ಬೆಳಗಿನ ಎಂಟು ಗಂಟೆ, ಪೂಜಾಕೋಣೆಯಿಂದ ಅವಳ ಮಂತ್ರ ಸಣ್ಣಗೆ ಕೇಳುತ್ತಿತ್ತು, ನನ್ನ ಸೊಂಟದಲ್ಲಿ ಪಂಪು ಕಿರ್ರ್ ಟಿಕ್ ಎನ್ನುತ್ತಿತ್ತು. ನನ್ನ ಮೊಬೈಲ್ ರಿಂಗಾಯಿತು. ನಾದಿನಿಯ ಬಳಿ ಮೊಬೈಲ್ ಇರಲಿಲ್ಲ, ಅವಳಿಗೆ ಬರುವ ಫೋನೆಲ್ಲ ನನಗೇ ಬರುತ್ತಿತ್ತು. ಕೊರ್ಲಹಳ್ಳಿಯಿಂದ ಅವಳ ಅಕ್ಕನ ಮಗ. ಹೊಳೆಯ ದಂಡೆಯ ಆ ಊರಿಗೆ ಅಕ್ಕನನ್ನು ಕೊಟ್ಟಿದ್ದರು. ತಾಯಿ ಸತ್ತ ಮೇಲೆ ಇವಳಿಗೆ ತಾಯಿಯಾಗಿ ಉಳಿದವಳು ಆ ಅಕ್ಕ ಒಬ್ಬಳೇ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಎರಡು ವಾರ ಇದ್ದು ಬಂದಾಗ ಮಾತ್ರ ನಾದಿನಿ ನಗುವುದನ್ನು ನಾನು ನೋಡಿದ್ದು.

"ಅತ್ತಿ, ಅವ್ವಗ ನಸಿಕನ್ಯಾಗಿಂದ ಭಾಳ ತ್ರಾಸ ಆಗೇತ್ರಿ," ಎಂದ ಆತ. "ಡಾಕ್ಟರು ಕೈ ಬಿಟ್ಟಾರ. ಮಾತು ಐತಿ ಇನ್ನ. ಚಿಕ್ಕವ್ವನ್ನ ಕೇಳಾಕತ್ತಾಳ. ಜಲ್ದಿ ಕಳಸ್ರಿ."

"ಹೂಂ, ಹೇಳತೇನಪಾ," ಎಂದೆ. ಫೋನ್ ಇಟ್ಟೆ.

ಹೇಳಲಿಲ್ಲ.

ಯಾರಾದರೂ ಕೇಳಿದರೆ ಕೊಡಲಿಕ್ಕೆ ರೀಸನ್ ಇತ್ತು. ಎರಡು ತಾಸಿನಲ್ಲಿ ಪಂಪು ಮುಗಿಯುತ್ತದೆ, ಬಿಚ್ಚುವವರು ಬೇರೆ ಯಾರೂ ಇಲ್ಲ, ಬಹಳ ಹೊತ್ತು ಹಾಗೇ ಬಿಟ್ಟರೆ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಬೆಟಗೇರಿಯ ನರ್ಸಿನ ನಂಬರು ಅದೇ ಮೊಬೈಲಿನಲ್ಲಿತ್ತು. ಒಂದು ಕಾಲ್ ಮಾಡಿದ್ದರೆ ಆ ಹುಡುಗಿ ಸ್ಕೂಟಿ ಹತ್ತಿ ಬಂದುಬಿಡುತ್ತಿದ್ದಳು. ನಾನು ಮೊಬೈಲನ್ನು ದಿಂಬಿನ ಕೆಳಗಿಟ್ಟು ಅದರ ಮೇಲೆ ತಲೆಯಿಟ್ಟು ಮಲಗಿದೆ. ಪೂಜೆಯ ಗಂಟೆ ಕೇಳಿಸಿತು. ಕರ್ಪೂರದ ವಾಸನೆ ಬಂತು. ಆ ಎರಡು ತಾಸು ನನಗೆ ವಾಕರಿಕೆ ಇರಲಿಲ್ಲ, ಕೈಬೆರಳ ಜುಮುಜುಮು ಇರಲಿಲ್ಲ. ಆಪರೇಶನ್ ಆದಾಗಿನಿಂದ ಅಷ್ಟು ಆರಾಮ ಎಂದೂ ಅನ್ನಿಸಿರಲಿಲ್ಲ. ಮೈಯೆಲ್ಲ ಹಗುರ.

ಹತ್ತಕ್ಕೆ ಅವಳು ಬಂದಳು. ಗೌನು, ಗ್ಲೌಸು, ಸಲೈನು. "ಉಸಿರು ಹಿಡೀರಿ ವೈನಿ." ಸೂಜಿ ಬಂತು. ಗಾಜ್ ಬಟ್ಟೆ ಇಟ್ಟು ಬೆರಳಿನಿಂದ ಒತ್ತಿ ಹಿಡಿದಳು. ಆಗ ಹೇಳಿದೆ.

"ಕೊರ್ಲಹಳ್ಳಿಯಿಂದ ಫೋನ್ ಬಂದಿತ್ತು. ಅಕ್ಕಗ ಭಾಳ ಸೀರಿಯಸ್ ಐತಂತ. ನಿನ್ನ ಕೇಳಾಕತ್ತಾಳಂತ."

ಬೆರಳು ಆ ಬಟ್ಟೆಯ ಮೇಲೇ ಇತ್ತು. "ಈಗ ಬಂತೇನ್ರಿ?"

"ಎಂಟಕ್ಕ."

ಸುಳ್ಳು ಹೇಳಬಹುದಿತ್ತು. ಆದರೆ ಅವಳಿಗೆ ಗೊತ್ತಾಗದಿದ್ದರೆ ಅದಕ್ಕೆ ಅರ್ಥವೇನಿತ್ತು? ಐವತ್ತು ವರ್ಷ ಕಾದದ್ದು ಅವಳಿಗೆ ಗೊತ್ತಾಗಲೆಂದೇ. ಅವಳು ಗೋಡೆಯ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಅಳುತ್ತಾಳೆ, ಕೂಗಾಡುತ್ತಾಳೆ, ಆಗಲಾದರೂ ಆ ಹಳೆಯ ಮಾತು ಬಾಯಿಗೆ ಬರುತ್ತದೆ ಎಂದುಕೊಂಡೆ. ಅವಳು ಐದು ನಿಮಿಷ ಒತ್ತಿ ಹಿಡಿಯಬೇಕೆಂದು ನರ್ಸು ಹೇಳಿದ್ದಳು. ಐದೂ ನಿಮಿಷ ಹಿಡಿದಳು. ಟೇಪ್ ಅಂಟಿಸಿದಳು. ಹಳದಿ ಚೀಲದ ಬಾಯಿ ಕಟ್ಟಿದಳು. ಬಚ್ಚಲಿಗೆ ಹೋಗಿ ನೀರು ಸುರುವಿಕೊಂಡ ಸಪ್ಪಳ ಕೇಳಿತು.

ಕೈಯಲ್ಲಿ ಊರಿಗೆ ಹೊರಟ ಬಟ್ಟೆಯ ಚೀಲ ಹಿಡಿದು, ಒದ್ದೆ ಕೂದಲು ಗಂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಅಂದಳು, "ನನಗ ಇಂಗ್ಲಿಷ್ ಬರತಿರಲಿಲ್ಲ ವೈನಿ. ನಿಮಗ ಕನ್ನಡ ಬರತೈತಿ."

ಇಷ್ಟೇ. ಶಿರಹಟ್ಟಿ, ಮುಂಡರಗಿ ದಾಟಿ ಅವಳು ಮುಟ್ಟುವಷ್ಟರಲ್ಲಿ ಒಂದು ಗಂಟೆಯಾಗಿತ್ತಂತೆ. ಅಕ್ಕ ಹನ್ನೊಂದೂವರೆಗೆ ಹೋಗಿದ್ದಳು. ಎಂಟಕ್ಕೆ ಹೊರಟಿದ್ದರೆ ಮಾತಿಗೆ ಸಿಗುತ್ತಿದ್ದಳು. ಸಂಜೆ ಅವಳ ಅಕ್ಕನ ಮಗ ಫೋನಿನಲ್ಲಿ ಇದನ್ನು ಹೇಳಿದಾಗ ನಾನು "ಅಯ್ಯೋ" ಎಂದೆ. ಒಳಗೆ ಏನಿತ್ತೋ ಅದನ್ನು ಇಲ್ಲಿ ಚಂದ ಮಾಡಿ ಬರೆಯುವುದಿಲ್ಲ. ಈಗ ಸರಿಸಮ ಆಯಿತು ಎಂದುಕೊಂಡೆ. ಆಮೇಲೆ ಅವಳು ಬಾಗಿಲಲ್ಲಿ ನಿಂತು ಆಡಿದ ಮಾತು ನೆನಪಾಗಿ, ಸರಿಸಮ ಆಗಲಿಲ್ಲವಲ್ಲ ಎಂದು ಹೊಸದಾಗಿ ಸಿಟ್ಟು ಬಂತು. ತಿಳಿಯದೆ ಮಾಡಿದ್ದು, ತಿಳಿದು ಮಾಡಿದ್ದು ಎಂದು ಆರೇಳು ಶಬ್ದಗಳಲ್ಲಿ ಅವಳು ತನ್ನ ತಕ್ಕಡಿಯನ್ನು ಮೇಲೆತ್ತಿಕೊಂಡು ಹೋಗಿದ್ದಳು. ತಪ್ಪಾತು ಎನ್ನಲಿಕ್ಕೆ ಇದಕ್ಕಿಂತ ಕಡಿಮೆ ಶಬ್ದ ಸಾಕಿತ್ತು.

ಅವಳು ತಿರುಗಿ ಬರಲಿಲ್ಲ. ದಿನಕರ್ಮ ಮುಗಿದರೂ ಬರಲಿಲ್ಲ. ಅಕ್ಕನ ಮಗ ಬಂದು ಟ್ರಂಕು, ದೇವರ ಪೆಟ್ಟಿಗೆ ಒಯ್ದ. ಉಳಿದ ಐದು ಪಂಪುಗಳನ್ನು ಬಿಚ್ಚಿಸಲು ನಾನು ಹುಬ್ಬಳ್ಳಿಗೇ ಹೋದೆ. ನರ್ಸು ಆ ಹೊತ್ತಿಗೆ ಬೆಟಗೇರಿ ಬಿಟ್ಟು ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಳು. ಮತ್ತೆ ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಹಾದಿ, ಕಾರಿನಲ್ಲಿ ಕಾಲ ಬಳಿ ಪ್ಲಾಸ್ಟಿಕ್ ಬಕೆಟ್ಟು. ಅಲ್ಲಿನ ಹುಡುಗಿಯರು ಸೂಜಿ ಎಳೆದಾಗ ಪ್ರತಿ ಸಲ ನೋಯುತ್ತಿತ್ತು. ಉಸಿರು ಹಿಡಿಯಿರಿ ಎಂದು ಒಬ್ಬಳೂ ಹೇಳಲಿಲ್ಲ, ನಾನೇ ಹಿಡಿಯುತ್ತಿದ್ದೆ.

ಸ್ಕ್ಯಾನ್ ಕ್ಲಿಯರ್ ಎಂದು ಬಂದ ಮೇಲೆ, ಬೇಸಿಗೆಯಲ್ಲಿ, ನಾನು ಕೊರ್ಲಹಳ್ಳಿಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ನೀವು ತಿಳಿದರೆ ನಾನು ಬೇಡವೆನ್ನುವುದಿಲ್ಲ, ಆದರೆ ಹೋದದ್ದು ಅದಕ್ಕಲ್ಲ. ನಾನು ಬದುಕಿದ್ದೇನೆ ಎಂದು ಅವಳು ನೋಡಲಿ, ನೋಡಿದ ಮೇಲೆ ಆ ಮಾತನ್ನು ಆಡಲಿ ಎಂದು. ಮುಂಡರಗಿ ದಾಟಿದ ಮೇಲೆ ಬಿಸಿಲು ಕಾರಿನ ಗಾಜಿನಲ್ಲಿ ಉರಿಯುತ್ತಿತ್ತು. ತಂದಿದ್ದ ನೀರಿನ ಬಾಟಲಿ ಹಾದಿಯಲ್ಲೇ ಮುಗಿಯಿತು.

ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನ ಮಾಡುತ್ತಿದ್ದಳು. ಕಾರು ನಿಂತಿತು. ಅವಳು ತಲೆಯೆತ್ತಿ ಗಾಜಿನೊಳಗೆ ನನ್ನನ್ನು ನೋಡಿದಳು. ಮೊರವನ್ನು ಕೆಳಗಿಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಹಿತ್ತಾಳೆ ಚೊಂಬಿನ ತುಂಬ ನೀರು ತಂದಳು. ನಾನು ಗಾಜು ಇಳಿಸಿದೆ. ಅವಳು ಮುಂದಿನ ಬಾಗಿಲಿಗೆ ಹೋಗಿ ಡ್ರೈವರನಿಗೆ ಕೊಟ್ಟಳು.

"ಬಿಸಲಾಗ ಬಂದೀರಿ, ಕುಡೀರಿ ತಮ್ಮಾ. ರಸ್ತೆ ಕೆಟ್ಟೈತೇನು ಇನ್ನ?"

"ಮುಂಡರಗಿ ತನಕಾ ಛಲೋ ಐತ್ರಿ ಯವ್ವಾ," ಎಂದು ಆತ ಅರ್ಧ ಕುಡಿದು, ಹಿಂದೆ ತಿರುಗಿ, "ಅಮ್ಮಾರ, ನಿಮಗ?" ಎಂದ. ಆಮೇಲೆ ಅವಳಿಗೆ, "ಅವರಿಗೂ ಒಂದು ಚೊಂಬು ಕೊಡ್ರಲಾ. ಹಾದಿ ತುಂಬಾ ನೀರು ನೀರು ಅಂತಿದ್ರು."

"ಕೇಳಿದ್ರ ಕೊಡತೇನಿ," ಎಂದಳು ನಾದಿನಿ.

ಅವಳು ಅಲ್ಲೇ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯನ್ನೂ ಎದೆಯ ಮುಂದೆ ಕಟ್ಟಿ. ನನ್ನ ಕಡೆ ನೋಡಲಿಲ್ಲ, ಹೋಗಲೂ ಇಲ್ಲ. ಡ್ರೈವರು ಚೊಂಬು ಹಿಂದಕ್ಕೆ ಕೊಟ್ಟ. ಅವಳು ಅದನ್ನು ತಗೊಂಡು ಇನ್ನೂ ನಿಂತೇ ಇದ್ದಳು. ನನ್ನ ನಾಲಿಗೆ ಅಂಗುಳಿಗೆ ಅಂಟಿತ್ತು.

"ನಡಿಯಪಾ," ಎಂದೆ ಡ್ರೈವರನಿಗೆ.

ಕಾರು ಹಿಂದಕ್ಕೆ ಹೊರಳಿತು. ಹೊಳೆಯ ಕಡೆಯ ತಿರುವಿನಲ್ಲಿ ನೋಡಿದಾಗ ಅವಳು ಚೊಂಬಿನಲ್ಲಿ ಉಳಿದ ನೀರನ್ನು ಕಟ್ಟೆಯ ಬುಡಕ್ಕೆ ಚೆಲ್ಲುತ್ತಿದ್ದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.